ಕೇಳಿದವರು ಹೋಗಬೇಕು

ಮರಳುಗಾಡಿನ ಅಂಚಿನಲ್ಲಿ ಒಂದು ಊರಿತ್ತು. ಈಚೆಯ ರಾಜ್ಯದವರು ಅದನ್ನು ಕೊನೆಯ ಊರು ಅನ್ನುತ್ತಿದ್ದರು. ಮರಳು ದಾಟಿ ಬರುವ ಆಚೆಯ ರಾಜ್ಯದವರು ಅದನ್ನೇ ಮೊದಲ ಊರು ಅನ್ನುತ್ತಿದ್ದರು. ನಡುವೆ ಏಳು ದಿನದ ಹಾದಿ. ಆ ಹಾದಿಯ ಮೇಲೆ ಯಾವ ರಾಜನ ಹೆಸರೂ ನಿಲ್ಲುತ್ತಿರಲಿಲ್ಲ. ಬರೆದರೆ ಗಾಳಿ ಅಳಿಸುತ್ತಿತ್ತು.

ಆ ಊರಿಗೆ ಒಂದು ಕಟ್ಟಳೆ ಇತ್ತು. ದಿನವೂ ಹೊತ್ತು ಮುಳುಗುವ ಮುಂಚೆ ಕೋಟೆಗೋಡೆಯ ಮೇಲೆ ಒಬ್ಬ ನಿಂತು ಮರಳಿನ ಕಡೆಗೆ ಮೂರು ಸಲ ‘ಓ’ ಎಂದು ಕೂಗಬೇಕು. ದಾರಿ ತಪ್ಪಿದವರು ಯಾರಾದರೂ ಇದ್ದರೆ ಆ ಕೂಗಿನ ಜಾಡು ಹಿಡಿದು ಬರಲಿ ಎಂದು. ನಡೆಯಲಾರದಷ್ಟು ಸೋತವರು ಇದ್ದಲ್ಲಿಂದಲೇ ತಿರುಗಿ ಕೂಗುತ್ತಾರೆ. ಆ ಕೂಗು ಯಾರ ಕಿವಿಗೆ ಬಿತ್ತೋ ಅವರು ‘ನನಗೆ ಕೇಳಿತು’ ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದವರು ನೀರಿನ ತೊಗಲುತಿತ್ತಿ ಹೊತ್ತು ತಾವೇ ಹೋಗಬೇಕು. ಗಂಡಸಾಗಲಿ ಹೆಂಗಸಾಗಲಿ, ತನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸುವ ಹಾಗಿಲ್ಲ. ಕೂಗಿದವನು ನಮ್ಮವನೋ ಹಗೆಯೋ ಎಂದು ಕೇಳುವ ಹಾಗಿಲ್ಲ. ಕೇಳಿದವರು ಹೋಗಬೇಕು.

ಹಾಗೆ ಹೋದವರ ಹೆಸರಿನಲ್ಲಿ ಊರಬಾಗಿಲ ಹೊರಗೆ ಸಾಲಾಗಿ ಹೆಜ್ಜೆಗಲ್ಲುಗಳನ್ನು ನೆಟ್ಟಿದ್ದರು. ಒಂದೊಂದು ಕಲ್ಲಿನ ಮೇಲೂ ಎರಡು ಪಾದ ಕೆತ್ತಿತ್ತು, ಒಂದೊಂದು ಕಲ್ಲಿಗೂ ಒಂದು ಕಥೆ ಇತ್ತು. ಒಬ್ಬ ಮುದುಕಿಯ ಒಂಟೆಯನ್ನು ಕಳ್ಳ ಹೊಡೆದುಕೊಂಡು ಹೋಗಿದ್ದ. ನಾಲ್ಕನೆಯ ದಿನ ಅವಳಿಗೆ ಕೂಗು ಕೇಳಿತು. ಹೋಗಿ ನೋಡಿದರೆ ಅದೇ ಕಳ್ಳ, ಪಕ್ಕದಲ್ಲಿ ಅದೇ ಒಂಟೆ. ಮೊದಲು ಕಳ್ಳ ಕುಡಿದ, ಆಮೇಲೆ ಒಂಟೆ ಕುಡಿಯಿತು, ಉಳಿದದ್ದನ್ನು ಮುದುಕಿ ಕುಡಿದಳಂತೆ. ಇನ್ನೊಬ್ಬ ಹುಡುಗಿ ಮದುವೆಯ ಚಪ್ಪರದಲ್ಲಿ ಕೂತಿದ್ದವಳು ಅರಿಸಿನದ ಮೈಯಲ್ಲೇ ಎದ್ದು ಹೋದಳಂತೆ. ಗಂಡಿನ ಕಡೆಯವರು ಅವಳು ಬರುವವರೆಗೆ ಎಲೆಗೆ ಕೈ ಹಾಕಲಿಲ್ಲವಂತೆ. ಆ ಊರಿನ ಮಕ್ಕಳು ಮಾತು ಕಲಿಯುವ ಮುಂಚೆ ಈ ಕಥೆಗಳನ್ನು ಕೇಳಿರುತ್ತಿದ್ದರು.

ಗೋಡೆಯ ಮೇಲೆ ನಿಂತು ಕೂಗುವವನನ್ನು ಊರು ಕೂಗಾಳು ಎಂದು ಕರೆಯುತ್ತಿತ್ತು. ಈ ಕಥೆಯ ಕೂಗಾಳಿಗೆ ಒಬ್ಬ ಅಣ್ಣನಿದ್ದ. ಬಾವಿಗೆ ಹಗ್ಗ ಹೊಸೆದು ಕೊಡುವವನು. ಎರಡು ರಾಜ್ಯಗಳಿಗೆ ಮನಸ್ತಾಪ ಬಂದು ಮರಳಿನಲ್ಲಿ ಕುದುರೆಯವರು ತಿರುಗಾಡುತ್ತಿದ್ದ ಕಾಲ. ಒಂದು ಸಂಜೆ ಹಗ್ಗದವನಿಗೆ ಕೂಗು ಕೇಳಿತು. ‘ನನಗೆ ಕೇಳಿತು’ ಎಂದ, ತಿತ್ತಿ ಹೊತ್ತ, ಹೋದ. ಅಲ್ಲಿ ಬಾಯಾರಿದವರು ಯಾರೂ ಇರಲಿಲ್ಲ. ಬಾಯಾರಿದವರ ಹಾಗೆ ಕೂಗಲು ಕಲಿತವರು ಇದ್ದರು. ಮೂರನೆಯ ದಿನ ಸೀಳಿದ ತಿತ್ತಿಯೂ ಅದರ ಪಕ್ಕದಲ್ಲಿ ಅವನೂ ಸಿಕ್ಕರು.

ಅದಾದ ಮೇಲೆ ಊರು ಕಟ್ಟಳೆಯನ್ನು ಮುರಿಯಲಿಲ್ಲ. ಮುರಿಯೋಣ ಎಂದು ಯಾರೂ ಬಾಯಿ ಬಿಟ್ಟು ಹೇಳಲೂ ಇಲ್ಲ. ಆದರೆ ಕೂಗುವ ಹೊತ್ತಿಗೆ ಸರಿಯಾಗಿ ಒಂದು ಮನೆಯಲ್ಲಿ ಸಜ್ಜೆ ಕುಟ್ಟುವ ಸದ್ದು ಶುರುವಾಯಿತು. ಮಾರನೆಯ ದಿನ ಇನ್ನೊಂದು ಮನೆಯಲ್ಲಿ. ಕಮ್ಮಾರನಿಗೆ ಬೆಳಗಿನಿಂದ ಇಲ್ಲದ ಕೆಲಸ ಆ ಹೊತ್ತಿಗೆ ನೆನಪಾಗತೊಡಗಿತು. ಊರ ಹಿರಿಯ ಗುಡಿಯ ಗಂಟೆಯನ್ನು ಮೊದಲು ಮೂರು ಸಲ ಬಾರಿಸುತ್ತಿದ್ದವನು ಈಗ ಕತ್ತಲಾಗುವವರೆಗೂ ಬಾರಿಸತೊಡಗಿದ. ಗೋಡೆಯ ಮೇಲೆ ಕೂಗಾಳು ‘ಓ’ ಎಂದು ಕೂಗುತ್ತಿದ್ದ, ಗೋಡೆಯ ಕೆಳಗೆ ಊರಿಗೆ ಊರೇ ಸದ್ದು ಮಾಡುತ್ತಿತ್ತು.

ಕೂಗಾಳು ಮಾತ್ರ ಕಿವಿ ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಅವನು ದಿನವೂ ಮನೆಗೆ ಬಂದಾಗ ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಿದ್ದಳು.

“ಏನಾದ್ರೂ ಕೇಳಿಸ್ತಾ?”

“ಇಲ್ಲ ಅತ್ತಿಗೆ.”

“ನಿಮ್ಮಣ್ಣನಿಗೆ ಕೇಳಿಸ್ತು. ಆ ಮನುಷ್ಯನ ಆಣೆ, ನಿನಗೆ ಕೇಳಿಸೋದು ಬೇಡ.”

ಅವನು ತಲೆಯಾಡಿಸಿ ಒಳಗೆ ಹೋಗಿ ರೊಟ್ಟಿಗೆ ಕೂರುತ್ತಿದ್ದ. ಹೀಗೆ ಎರಡು ವರ್ಷ ಕಳೆಯಿತು. ಎರಡು ವರ್ಷ ಯಾರೂ ಕೂಗಲಿಲ್ಲವೋ, ಕೂಗಿದ್ದು ಸದ್ದಿನಲ್ಲಿ ಮುಳುಗಿತೋ ಹೇಳುವವರಿಲ್ಲ.

ಆ ಬೇಸಗೆಯಲ್ಲಿ ಎರಡು ದಿನ ಮರಳಗಾಳಿ ಎದ್ದಿತು. ಹಗಲು ಕೆಂಪಾಯಿತು. ಮೂರನೆಯ ದಿನ ಗಾಳಿ ನಿಂತ ಮೇಲೆ ಕೂಗಾಳು ಗೋಡೆ ಹತ್ತಿ ಮೊದಲನೆಯ ‘ಓ’ ಕೂಗಿದ. ಎರಡನೆಯದು ಕೂಗುವ ಮುಂಚೆಯೇ ಮರಳಿನ ಕಡೆಯಿಂದ ಒಂದು ದನಿ ಬಂತು.

“ನೀರು...”

ಆಚೆಯವರ ಮಾತಿನಲ್ಲಿ ಬಂತು. ಅವರು ನೀರಿಗೆ ಹೇಳುವ ಪದ ಬೇರೆಯಾದರೂ ಆ ಮಾತನ್ನು ಅರಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಕೂಗಾಳು ಕೆಳಗೆ ನೋಡಿದ. ಊರಿನ ಒನಕೆಗಳೆಲ್ಲ ಒಂದು ಉಸಿರಿನಷ್ಟು ಹೊತ್ತು ಮೇಲೆಯೇ ನಿಂತವು. ಕಮ್ಮಾರನ ಸುತ್ತಿಗೆ ನಿಂತಿತು. ಗಂಟೆ ನಿಂತಿತು. ಆಮೇಲೆ ಎಲ್ಲವೂ ಮೊದಲಿಗಿಂತ ಜೋರಾಗಿ ಬಿದ್ದವು.

ಮನೆಯಲ್ಲಿ ಅತ್ತಿಗೆ ಕೇಳಿದಳು, “ಏನಾದ್ರೂ ಕೇಳಿಸ್ತಾ?”

ಅವಳ ಕೈಯಲ್ಲಿ ಒನಕೆ ಇನ್ನೂ ಇತ್ತು. ಅವಳ ಕಣ್ಣು ನೆಲದ ಮೇಲಿತ್ತು.

“ಇಲ್ಲ ಅತ್ತಿಗೆ,” ಎಂದ.

ಎರಡನೆಯ ಸಂಜೆ ಆ ದನಿ ನೀರು ಕೇಳಲಿಲ್ಲ. ಒಂದು ಹೆಸರನ್ನು ಕೂಗಿತು. “ಸುಗನೀ... ಸುಗನೀ...” ಎಂದು, ನಡುನಡುವೆ ಬಿಟ್ಟು, ಯಾರೋ ಪಕ್ಕದ ಕೋಣೆಯಲ್ಲಿದ್ದಾರೆ ಎಂಬ ಹಾಗೆ. ಕೂಗಾಳು ಎರಡೇ ಸಲ ‘ಓ’ ಎಂದು ಕೂಗಿ ಇಳಿದುಬಿಟ್ಟ.

ಮೂರನೆಯ ಸಂಜೆ ಸಜ್ಜೆ ಕುಟ್ಟುವುದಕ್ಕೆ ಯಾರ ಕೈಯೂ ಏಳಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಬಂದರು. ಕಮ್ಮಾರ ಬಂದ, ಕುಂಬಾರಗಿತ್ತಿ ಬಂದಳು, ಹಿರಿಯ ಬಂದ, ಅತ್ತಿಗೆ ಬಂದಳು. “ಕೆಳಗೆ ಸೆಕೆ,” ಎಂದರು. “ಸ್ವಲ್ಪ ಗಾಳಿ ತಗೊಳ್ಳೋಣ ಅಂತ,” ಎಂದರು. ಅಲ್ಲಿ ಗಾಳಿ ಎಳ್ಳಷ್ಟೂ ಇರಲಿಲ್ಲ. ಗಾಳಿ ಇಲ್ಲದ್ದರಿಂದಲೇ ಆ ದನಿ, ಒಣಗಿ ಸೀಳಾಗಿದ್ದರೂ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು.

“ಬರುವವರೇ... ತಗ್ಗಿನ ಕಡೆಯಿಂದ ಬರಬೇಡಿ. ಅಲ್ಲಿ ಮರಳು ಕುಸೀತದೆ, ನನ್ನ ಒಂಟೆ ಹೋಯ್ತು. ಬನ್ನಿ ಮರದ ಕಡೆಯಿಂದ ಬನ್ನಿ. ನಿಧಾನ ಬನ್ನಿ. ನಾನು ಕಾಯ್ತೀನಿ.”

ಗೋಡೆಯ ಮೇಲೆ ಅಷ್ಟೂ ಜನ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಬಾಯಿ ತೆರೆಯಲಿ ಎಂದು ಕಾದರು. ಕುಂಬಾರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿರಿಯ ಕೆಮ್ಮಿದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಬರೇ ಕೆಮ್ಮಿದ್ದ. ಹೊತ್ತು ಮುಳುಗಿತು, ಜನ ಇಳಿದು ಮನೆಗೆ ಹೋದರು. ಅಂದು ಕೂಗಾಳು ಒಂದು ಸಲವೂ ಕೂಗಲಿಲ್ಲ, ಯಾಕೆ ಕೂಗಲಿಲ್ಲ ಎಂದು ಅವನನ್ನು ಯಾರೂ ಕೇಳಲಿಲ್ಲ.

ನಾಲ್ಕನೆಯ ಸಂಜೆ ಮರಳಿನಿಂದ ಏನೂ ಬರಲಿಲ್ಲ. ಊರು ಮತ್ತೆ ಸಜ್ಜೆ ಕುಟ್ಟಿತು.

ಹತ್ತು ದಿನದ ಮೇಲೆ ಉಪ್ಪಿನ ವ್ಯಾಪಾರದವರ ಒಂಟೆಸಾಲು ಬಂತು. ಅವರ ಜೊತೆಯಲ್ಲಿ ಒಬ್ಬ ಹೆಂಗಸು ಇದ್ದಳು. ಮುಖದ ಚರ್ಮ ಸುಲಿದಿತ್ತು, ತುಟಿ ಒಡೆದಿತ್ತು, ಕೈತುಂಬ ದಂತದ ಬಳೆ. ಬಾವಿಕಟ್ಟೆಯ ಹತ್ತಿರ ತನ್ನ ಒಂಟೆಯಿಂದ ಇಳಿದವಳು ನೀರು ಕುಡಿಯುವ ಮುಂಚೆಯೇ ಸೇರಿದ ಜನಕ್ಕೆ ಕೈಮುಗಿದಳು.

“ನನ್ನ ಹೆಸರು ಸುಗನಿ. ಆಚೆಯವಳು. ನಾನೂ ನನ್ನ ಗಂಡ ಮೇಹಾನೂ ಎರಡು ಒಂಟೆ ಮೇಲೆ ಬರ್ತಿದ್ವಿ. ಗಾಳಿಯಲ್ಲಿ ಬೇರೆಯಾದ್ವಿ. ನನ್ನನ್ನ ಈ ಉಪ್ಪಿನವರು ಎತ್ಕೊಂಡ್ರು. ಅವನು ಈ ಕಡೆ ಬಂದಿದ್ದಾನಾ?”

ಯಾರೂ ಮಾತಾಡಲಿಲ್ಲ. ಅವಳು ಆ ಮೌನವನ್ನು ಬೇರೆ ಥರ ತಿಳಿದುಕೊಂಡಳು.

“ಬಂದಿರದಿದ್ರೂ ಕೂಗಿರಬೋದು. ದಾರಿ ತಪ್ಪಿದ್ರೆ ಮೊದಲ ಊರಿನ ಕಡೆ ತಿರುಗಿ ಕೂಗು, ಅಲ್ಲಿನವರು ಕೇಳಿದ್ರೆ ಬರ್ತಾರೆ ಅಂತ ಅವನೇ ನನಗೆ ಹೇಳಿಕೊಟ್ಟಿದ್ದ. ನಿಮಗೆ ಯಾರಿಗಾದ್ರೂ ಕೇಳಿಸ್ತಾ?”

ಹಿರಿಯ ಹೇಳಿದ, “ಗಾಳಿ ಆಚೆ ಕಡೆ ಬೀಸ್ತಿತ್ತು ತಾಯಿ.”

ಅವಳು ಕೂಗಾಳನ್ನು ನೋಡಿದಳು. “ಗೋಡೆ ಮೇಲೆ ನಿಲ್ಲೋರು ನೀವಲ್ವಾ ಅಣ್ಣ? ನಿಮಗೆ?”

“ಇಲ್ಲಮ್ಮ,” ಎಂದ ಕೂಗಾಳು.

ಆಗ ಅವಳು ನಕ್ಕಳು. ಒಡೆದ ತುಟಿಯಿಂದ ರಕ್ತ ಬಂತು, ಆದರೂ ನಕ್ಕಳು. “ಹಾಗಾದ್ರೆ ಅವನು ಬದುಕಿದ್ದಾನೆ. ಇಲ್ಲಿ ಹತ್ತಿರ ಬಿದ್ದಿದ್ರೆ ಕೂಗ್ತಿದ್ದ. ಕೂಗಿದ್ರೆ ನೀವು ಹೋಗ್ತಿದ್ರಿ. ನೀವು ಹೋಗಿಲ್ಲ ಅಂದ್ರೆ ಅವನು ಇಲ್ಲಿ ಬಿದ್ದಿಲ್ಲ. ಬೇರೆ ಯಾವುದೋ ದಾರಿ ಹಿಡಿದಿದ್ದಾನೆ. ಬಂದೇ ಬರ್ತಾನೆ.”

ಉಪ್ಪಿನವರು ಹೊರಟಾಗ ಅವಳು ಹೋಗಲಿಲ್ಲ. ಗಂಡ ಬರುವವರೆಗೆ ಇಲ್ಲೇ ಇರುತ್ತೇನೆ ಎಂದಳು. ಊರು ಅವಳಿಗೆ ಬೇಕಾದ್ದನ್ನೆಲ್ಲ ಕೊಟ್ಟಿತು. ಕುಂಬಾರಗಿತ್ತಿ ತನ್ನ ಮಡಕೆಗಳಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನು ಆರಿಸಿ ತಂದಳು. ಕಮ್ಮಾರ ಕೇಳದೇ ಒಲೆಗೆ ಕಬ್ಬಿಣದ ಕಾಲು ಮಾಡಿಕೊಟ್ಟ. ದಿನ ಬೆಳಗಾದರೆ ಯಾರಾದರೊಬ್ಬರು ತುಪ್ಪವೋ ಹಿಟ್ಟೋ ಬಾಗಿಲಲ್ಲಿಟ್ಟು, ಅವಳು ಹೊರಗೆ ಬರುವ ಮುಂಚೆ ಓಡಿಹೋಗುತ್ತಿದ್ದರು. ಅವಳನ್ನು ಮನೆಯಲ್ಲಿಟ್ಟುಕೊಂಡದ್ದು ಅತ್ತಿಗೆ. “ನಮ್ಮ ಮನೇಲಿ ಇರಲಿ,” ಎಂದಳು, ಅಷ್ಟೇ. ಯಾಕೆ ಎಂದು ಕೂಗಾಳು ಕೇಳಲಿಲ್ಲ.

ಸುಗನಿ ಸಂಜೆ ಕೂಗಾಳಿನ ಹಿಂದೆ ಗೋಡೆ ಹತ್ತತೊಡಗಿದಳು. ಮೊದಲ ದಿನವೇ ಕೇಳಿದಳು, “ಅಣ್ಣ, ನಿಮ್ಮ ದನಿ ದೂರ ಹೋಗುತ್ತೆ. ‘ಓ’ ಅನ್ನೋದರ ಜೊತೆಗೆ ಅವನ ಹೆಸರನ್ನೂ ಕೂಗ್ತೀರಾ?”

ಅಂದಿನಿಂದ ಅವನು ದಿನವೂ ಮೂರು ಸಲ ಕೂಗಿದ. “ಮೇಹಾ, ಓ...” ಕೂಗುವಾಗ ಅವನ ಕಣ್ಣು ಬಲಕ್ಕೆ, ದೂರದಲ್ಲಿ ಕಪ್ಪಾಗಿ ಕಾಣುವ ಒಂದು ಬನ್ನಿ ಮರದ ಕಡೆಗೆ ಹೋಗುತ್ತಿತ್ತು. ಅವನು ಎಳೆದು ಎಡಕ್ಕೆ ತರುತ್ತಿದ್ದ. ಕೂಗಿ ಮುಗಿದ ಮೇಲೆ ಇಬ್ಬರೂ ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಅವಳು ಉತ್ತರಕ್ಕೆ ಕಿವಿಗೊಡುತ್ತಿದ್ದಳು. ಅವನು ಉತ್ತರ ಬಾರದಿರಲಿ ಎಂದು ಕಿವಿಗೊಡುತ್ತಿದ್ದ. ಬಾರದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಕೂತು ಅವಳು ಹಾಡು ಕಟ್ಟಿ ಹಾಡುತ್ತಿದ್ದಳು. ಹೆಜ್ಜೆಗಲ್ಲಿನ ಮುದುಕಿ ಅದರಲ್ಲಿ ಬಂದಳು, ಅರಿಸಿನದ ಹುಡುಗಿ ಬಂದಳು. ಹಗ್ಗದವನನ್ನೂ ಸೇರಿಸಿದಳು. ಹಗೆಗಳ ಕೂಗನ್ನೂ ನಂಬಿ ಹೋದವನು ಎಂದು ಅವನ ಮೇಲೆ ಐದು ನುಡಿ ಕಟ್ಟಿದಳು. ಅತ್ತಿಗೆ ಆ ನುಡಿಗಳನ್ನು ಕೇಳಲಾರದೆ ಬಾವಿಗೆ ಹೋಗಿಬಿಡುತ್ತಿದ್ದಳು. ಪ್ರತಿ ನುಡಿಯ ಕೊನೆಗೂ ಒಂದೇ ಸಾಲು ಮರಳಿ ಬರುತ್ತಿತ್ತು: ‘ಇದು ಕಿವಿಯುಳ್ಳ ಊರು, ಕೂಗಿದರೆ ಬರುವ ಊರು.’

ಉಪ್ಪಿನವರು ಬಂದಾಗ ಆ ಹಾಡನ್ನು ಕಲಿತರು, ಒಂಟೆಯ ಮೇಲೆ ಕೂತು ಹಾಡುತ್ತ ಹೋದರು. ಆರು ತಿಂಗಳಲ್ಲಿ ಅದು ಎರಡು ರಾಜ್ಯಗಳನ್ನೂ ಮುಟ್ಟಿತು. ದೂರದವರು ಊರು ನೋಡಲು ಬರತೊಡಗಿದರು. ಬೀದಿಯಲ್ಲಿ ಹೋಗುವವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಊರಿನವರಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುವುದು ಅಭ್ಯಾಸವಾಯಿತು. “ಎಷ್ಟು ವಿನಯ!” ಎಂದು ಬಂದವರು ಇನ್ನೂ ಹೊಗಳಿದರು. ಆ ವರ್ಷ ಊರಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಜಗಳಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಗಂಡ ಹೆಂಡತಿಯನ್ನು ‘ನೀನು ಅವತ್ತು’ ಎಂದು ಶುರುಮಾಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ವರ್ಷ ತುಂಬುವ ಹೊತ್ತಿಗೆ ಈಚೆಯ ರಾಜ ಒಂದು ಕಲ್ಲು ಕಳಿಸಿದ. ಎಂಟು ಎತ್ತುಗಳು ಎಳೆದು ತಂದ ಕೆಂಪು ಕಲ್ಲು. ಇಡೀ ಊರಿಗೇ ಒಂದು ಹೆಜ್ಜೆಗಲ್ಲು. ಅದರ ಜೊತೆಗೆ ಕೂಗಾಳಿಗೆ ಎಂದು ಕೇಸರಿ ಬಣ್ಣದ ಒಂದು ಮುಂಡಾಸು.

ಕಲ್ಲು ನೆಡುವ ದಿನ ಬೆಳಗ್ಗೆ ಊರೆಲ್ಲ ಬಾಗಿಲ ಹೊರಗೆ ಸೇರಿತು. ಸುಗನಿ ಹಾಡಲು ಮುಂದೆ ನಿಂತಳು. ಹಿರಿಯ ಮುಂಡಾಸನ್ನು ಎರಡೂ ಕೈಯಲ್ಲಿ ಎತ್ತಿ ಕೂಗಾಳಿನ ತಲೆಗೆ ಸುತ್ತಲು ಬಂದ. ಕೂಗಾಳು ಬಗ್ಗಬೇಕಿತ್ತು. ಬಗ್ಗಲಿಲ್ಲ.

“ತಲೆ ಬಗ್ಗಿಸಪ್ಪ,” ಎಂದ ಹಿರಿಯ ಮೆಲ್ಲಗೆ.

“ನನಗೆ ಕೇಳಿತ್ತು,” ಎಂದ ಕೂಗಾಳು.

ಹಿರಿಯನ ಕೈ ಅಲ್ಲೇ ನಿಂತಿತು. “ಏನು?”

“ನನಗೆ ಕೇಳಿತ್ತು. ಮೂರು ದಿನ ಕೇಳಿತ್ತು.” ಎರಡನೆಯ ಸಲ ದನಿ ಗಟ್ಟಿಯಾಗಿ ಬಂತು. ಅವನು ಸುಗನಿಯ ಕಡೆ ತಿರುಗಿದ. “ಮೇಹಾ ಕೂಗಿದ. ನನಗೆ ಕೇಳಿಸ್ತು. ನಾನು ಹೋಗಲಿಲ್ಲ.”

“ಬಿಸಿಲು ತಲೆಗೆ ಹತ್ತಿದೆ ಇವನಿಗೆ,” ಎಂದ ಹಿರಿಯ ಜನದ ಕಡೆ ನೋಡಿ. “ಯಾರಾದ್ರೂ ನೆರಳಿಗೆ ಕರ್ಕೊಂಡು ಹೋಗಿ. ನಮಗೆ ಯಾರಿಗೂ ಏನೂ ಕೇಳಿಸಿಲ್ಲ. ಅಲ್ವೇನ್ರಪ್ಪಾ?”

ಯಾರೂ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಸುಗನಿ ಅಳಲಿಲ್ಲ, ಬಯ್ಯಲಿಲ್ಲ. ಹತ್ತಿರ ಬಂದು ನಿಂತಳು. ಕೇಳಿದಳು, “ಏನಂತ ಕೂಗಿದ?”

ಕೂಗಾಳು ಬೇರೆ ಯಾವ ಮಾತಿಗಾದರೂ ಸಿದ್ಧನಾಗಿದ್ದ, ಈ ಮಾತಿಗೆ ಇರಲಿಲ್ಲ. “ಮೊದಲನೇ ದಿನ ನೀರು ಅಂದ,” ಎಂದ. “ಎರಡನೇ ದಿನ ನಿನ್ನ ಹೆಸರು ಕೂಗಿದ.”

“ಹೇಗೆ ಕೂಗಿದ?”

“ಅಮ್ಮಾ...”

“ಹೇಗೆ ಕೂಗಿದ, ಹೇಳಿ. ನನಗೆ ಕೇಳಿಸಿಲ್ಲ. ಕೇಳಿಸಿದ್ದು ನಿಮಗೆ.”

ಅವನು ಕಣ್ಣು ಮುಚ್ಚಿಕೊಂಡು ಕೂಗಿದ. “ಸುಗನೀ...” ಎಂದು, ನಡುವೆ ಬಿಟ್ಟು, ಮತ್ತೆ “ಸುಗನೀ...” ಎಂದು. ಇಡೀ ವರ್ಷ ಅವನ ಗಂಟಲಿನಲ್ಲಿ ಇದ್ದದ್ದು ಹಾಗೆಯೇ ಹೊರಗೆ ಬಂತು. ಬೇರೆಯವನ ದನಿ, ಬೇರೆ ಸೀಮೆಯ ರಾಗ. ಸುಗನಿ ಎಡಗೈಯಿಂದ ಬಲಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿದಳು.

“ಮೂರನೇ ದಿನ?”

“ಮೂರನೇ ದಿನ ದಾರಿ ಹೇಳಿದ.”

“ಯಾರಿಗೆ?”

“ನಮಗೆ.” ಅವನು ಒಂದೊಂದೇ ಮಾತಾಗಿ ಹೇಳಿದ. ತಗ್ಗಿನ ಕಡೆಯಿಂದ ಬರಬೇಡಿ ಎಂದದ್ದು, ಮರಳು ಕುಸಿಯುತ್ತದೆ ಎಂದದ್ದು, ಬನ್ನಿ ಮರದ ಕಡೆಯಿಂದ ಬನ್ನಿ ಎಂದದ್ದು, ನಿಧಾನ ಬನ್ನಿ, ನಾನು ಕಾಯ್ತೀನಿ ಎಂದದ್ದು.

ಸುಗನಿ ಮರಳಿನ ಕಡೆ ನೋಡಿದಳು. “ಆ ಮರವಾ?”

“ಅದೇ.”

ಅವಳು ತನ್ನ ಒಂಟೆಯನ್ನು ಬಿಚ್ಚಿ ಹಗ್ಗ ಹಿಡಿದು ಹೊರಟಳು. ಕೂಗಾಳು ಮನೆಗೆ ಓಡಿ ತಿತ್ತಿ ತುಂಬಿಸಿ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಹೋದ. ಊರಿನವರು ಅಲ್ಲೇ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಗೋಡೆ ಹತ್ತಿದರು.

ಅದು ದೂರದ ಹಾದಿಯಾಗಿರಲಿಲ್ಲ. ಕೂಗಾಳು ಒಂದು ವರ್ಷ ಆ ಮರವನ್ನು ನೋಡದೆ ನೋಡಿ ಅದನ್ನು ಬಹಳ ದೂರಕ್ಕೆ ಕಳಿಸಿಬಿಟ್ಟಿದ್ದ. ನಡೆದರೆ, ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟು ಹೊತ್ತು. ಬನ್ನಿ ಮರದ ಕೊಂಬೆಗೆ ಒಂದು ಮುಂಡಾಸಿನ ಬಟ್ಟೆ ಕಟ್ಟಿತ್ತು. ಬಿಸಿಲಿಗೆ ಬಣ್ಣ ಹೋಗಿ ಬಿಳಿಯಾಗಿತ್ತು. ಮರದಿಂದ ಮುಂದಕ್ಕೆ ನೆಲದ ಮೇಲೆ ಸಣ್ಣ ಕಲ್ಲುಗಳನ್ನು ಎರಡು ಸಾಲಾಗಿ ಜೋಡಿಸಿದ್ದು ಅರ್ಧ ಮುಚ್ಚಿಹೋಗಿ ಕಾಣುತ್ತಿತ್ತು. ಕಾಲಿಡುವ ದಾರಿ ತಿಳಿಯಲಿ ಎಂದು ಮೇಹಾ ತೆವಳಿಕೊಂಡು ಇಟ್ಟಿರಬೇಕು. ಆ ಸಾಲುಗಳ ನಡುವೆ ನಡೆದರೆ ಕೊನೆಗೆ ಅವನಿದ್ದ. ಗಾಳಿ ಮತ್ತು ಮರಳು ಬಿಟ್ಟಷ್ಟು ಇದ್ದ.

ಸುಗನಿ ಅವನ ಪಕ್ಕದಲ್ಲಿ ಕೂತಳು. ಕೂತವಳು ತಲೆಯೆತ್ತಿ ಊರಿನ ಕಡೆ ನೋಡಿದಳು. ಕೋಟೆಗೋಡೆ ನೇರವಾಗಿ ಎದುರಿಗಿತ್ತು. ಅದರ ಮೇಲೆ ಜನ ಸಾಲಾಗಿ ನಿಂತಿದ್ದರು. ಯಾರು ಗಂಡಸು, ಯಾರು ಹೆಂಗಸು ಎಂದು ಬಿಡಿಸಿ ಹೇಳಬಹುದಾಗಿತ್ತು.

“ಅವತ್ತೂ ಹೀಗೇ ನಿಂತಿದ್ರಾ?” ಎಂದು ಕೇಳಿದಳು.

“ಮೂರನೇ ದಿನ. ಹೀಗೇ.”

“ಎಲ್ಲರೂ?”

ಕೂಗಾಳು ನೆಲ ನೋಡಿದ. “ಎಲ್ಲರೂ.”

“ಅದಕ್ಕೇ ಅವನು ದಾರಿ ಹೇಳಿದ್ದು,” ಎಂದಳು ಸುಗನಿ. “ನೀವು ಸೇರಿದ್ದು ನೋಡಿದ. ಹೊರಡ್ತಾ ಇದೀರಿ ಅಂದ್ಕೊಂಡ.”

ಕೂಗಾಳಿಗೆ ಆವರೆಗೆ ಇದು ಹೊಳೆದಿರಲಿಲ್ಲ. ದನಿಯನ್ನು ಮಾತ್ರ ಅವನು ಒಂದು ವರ್ಷ ಹೊತ್ತಿದ್ದ. ಆ ದನಿಗೆ ಕಣ್ಣಿತ್ತು, ಅದು ತಮ್ಮನ್ನು ನೋಡುತ್ತಿತ್ತು ಎಂಬುದು ಈಗ ತಿಳಿಯಿತು. ಏನಾದರೂ ಮಾಡಬೇಕೆಂದು ತಿತ್ತಿಯ ಬಾಯಿ ಬಿಚ್ಚಿ ಅವಳ ಕಡೆ ಚಾಚಿದ.

“ನನಗೆ ಬಾಯಾರಿಕೆ ಇಲ್ಲ,” ಎಂದಳು.

ಅವಳು ಕೊಂಬೆಯಿಂದ ಮುಂಡಾಸು ಬಿಚ್ಚಿ ನೆಲದ ಮೇಲೆ ಹಾಸಿ ಗಂಡನ ಮೂಳೆಗಳನ್ನು ಅದರಲ್ಲಿ ಕೂಡಿಸಿ ಗಂಟು ಕಟ್ಟಿದಳು. ಬಳೆಗಳನ್ನು ಒಂದೊಂದಾಗಿ ತೆಗೆದಳು. ಒಡೆಯಲಿಲ್ಲ. ಅವನ್ನೂ ಗಂಟಿಗೆ ಸೇರಿಸಿದಳು. ಕೂಗಾಳು ಕೈ ಹಾಕಲು ಬಂದಾಗ ಬೇಡ ಎಂದು ತಲೆಯಾಡಿಸಿದಳು.

“ಉಪ್ಪಿನವರ ಬಿಡಾರ ಇಲ್ಲಿಂದ ಅರ್ಧ ದಿನದ ಹಾದಿ,” ಎಂದ ಅವನು. “ನಾನು ಅಲ್ಲೀವರೆಗೆ ಬರ್ತೀನಿ.”

“ಬೇಡ.”

“ನಿನ್ನ ಕಾಲು ಹಿಡಿತೀನಿ ತಾಯಿ. ಒಂದು ಬೈಗುಳಾನಾದ್ರೂ ಬಯ್ಯಿ.”

ಸುಗನಿ ಒಂಟೆಯನ್ನು ಕೂರಿಸಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. “ಸಾಯೋವಾಗ ಇವನು ಜನ ಬರ್ತಾ ಇದಾರೆ ಅಂದ್ಕೊಂಡು ಸತ್ತ,” ಎಂದಳು. “ಒಬ್ಬನೇ ಅಂದ್ಕೊಂಡು ಸಾಯಲಿಲ್ಲ. ಅದೊಂದು ನನಗೆ ಬೇಕು. ಅದನ್ನ ತಗೊಂಡು ಹೋಗ್ತೀನಿ. ಉಳಿದದ್ದು ನಿಮ್ಮ ಊರಿಗೇ ಇರಲಿ.”

ಒಂಟೆ ಎದ್ದಿತು. ಅವಳು ಹಿಂತಿರುಗಿ ನೋಡಲಿಲ್ಲ. ಮರಳದಿಬ್ಬದ ಆಚೆ ಮೊದಲು ಒಂಟೆ ಮರೆಯಾಯಿತು, ಆಮೇಲೆ ಅವಳ ತಲೆ.

ಕೂಗಾಳು ಕಲ್ಲಿನ ಸಾಲುಗಳ ನಡುವೆ ಕೂತುಬಿಟ್ಟ. ಊರಿಗೆ ಹೋಗಬೇಕೆಂದರೆ ಆ ಗೋಡೆಯ ಮೇಲಿನ ಅಷ್ಟೂ ಕಣ್ಣುಗಳ ಕಡೆಗೆ ನಡೆಯಬೇಕು. ಬೇರೆ ಕಡೆ ಹೋಗಲು ಅವನಿಗೆ ಬೇರೆ ಕಡೆ ಇರಲಿಲ್ಲ. ಬಿಸಿಲು ಏರಿತು. ತಿತ್ತಿ ತೊಡೆಯ ಮೇಲಿತ್ತು. ಅವನು ಕುಡಿಯಲಿಲ್ಲ.

ಮರಳಿನ ಮೇಲೆ ಹೆಜ್ಜೆಯ ಸದ್ದಾಯಿತು. ಅತ್ತಿಗೆ ಬರುತ್ತಿದ್ದಳು, ಬನ್ನಿ ಮರದ ಕಡೆಯಿಂದ, ನಿಧಾನವಾಗಿ. ಹೆಗಲ ಮೇಲೆ ತುಂಬಿದ ತಿತ್ತಿ. ಹತ್ತಿರ ಬಂದು ಇಳಿಸದೆಯೇ ನಿಂತಳು.

“ನನಗೂ ಕೇಳಿತ್ತು,” ಎಂದಳು. “ಮೊದಲನೇ ದಿನವೇ. ಒನಕೆ ಕೈಯಲ್ಲಿತ್ತು. ನೀನು ಇಲ್ಲ ಅಂದಾಗ ನನಗೆ ಸಂತೋಷ ಆಯ್ತು ಕಣಪ್ಪ. ಸಂತೋಷ ಆಯ್ತು.”

ಅವಳ ಹಿಂದೆ ಕುಂಬಾರಗಿತ್ತಿ ಇದ್ದಳು. “ನನಗೆ ಕೇಳಿತ್ತು,” ಎಂದಳು. ಅವಳ ಹಿಂದೆ ಕಮ್ಮಾರ. ಆಮೇಲೆ ಒಬ್ಬರ ಹಿಂದೆ ಒಬ್ಬರು, ಮರದಿಂದ ಊರಬಾಗಿಲವರೆಗೂ ಸಾಲು. ಪ್ರತಿಯೊಬ್ಬರ ಹೆಗಲಿನಲ್ಲೂ ನೀರು. ಬಂದವರೆಲ್ಲ ಅದೇ ಮಾತು ಹೇಳಿದರು, ಕೆಲವರು ಗಟ್ಟಿಯಾಗಿ, ಕೆಲವರು ತುಟಿಯಲ್ಲೇ. ಎಲ್ಲರಿಗಿಂತ ಕೊನೆಗೆ ಹಿರಿಯ ಕೋಲೂರಿಕೊಂಡು ಬಂದ. ಅವನು ತಂದದ್ದು ಒಂದು ಸಣ್ಣ ತಂಬಿಗೆ. ಅದಕ್ಕಿಂತ ಹೆಚ್ಚು ಹೊರಲು ಅವನಿಂದ ಆಗುತ್ತಿರಲಿಲ್ಲ. ಕಿವಿ ಮುಟ್ಟಿಕೊಂಡು, ಎದೆಯ ಮೇಲೆ ಕೈಯಿಟ್ಟು ತೋರಿಸಿದ.

ಮೇಹಾ ಬಿದ್ದಿದ್ದ ಜಾಗದ ಸುತ್ತ ಊರೆಲ್ಲ ನಿಂತಿತು. ಮರಳಿನಲ್ಲಿ ಒಂದು ಮೈಯಷ್ಟು ತಗ್ಗಿತ್ತು. ಕುಡಿಯುವವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬೊಬ್ಬರೂ ತಲೆಯೆತ್ತಿ ಅಲ್ಲಿಂದ ತಮ್ಮ ಊರಿನ ಗೋಡೆಯನ್ನು ನೋಡಿದರು, ತಾವು ತಾವು ಅಂದು ನಿಂತಿದ್ದ ಜಾಗವನ್ನು ಹುಡುಕಿ ಕಂಡುಕೊಂಡರು, ಕಣ್ಣು ಕೆಳಗೆ ಹಾಕಿದರು.

ಕಮ್ಮಾರ ತಿತ್ತಿಯ ಬಾಯಿ ಬಿಚ್ಚಿ ಆ ತಗ್ಗಿಗೆ ಸುರಿಯಲು ಬಗ್ಗಿದ.

“ಸುರಿಯಬೇಡ,” ಎಂದಳು ಅತ್ತಿಗೆ. “ಈಗ ಇಲ್ಲಿ ಚೆಲ್ಲಿ ಹಗುರಾಗೋದು ಬೇಡ. ಹೊತ್ಕೊಂಡು ಬಂದಿದ್ದೀವಿ. ಹೊತ್ಕೊಂಡೇ ಹೋಗೋಣ.”

ತಿತ್ತಿಗಳ ಬಾಯಿಯನ್ನು ಮತ್ತೆ ಬಿಗಿದು ಕಟ್ಟಿದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಗಂಟಲು ಒಣಗಿಕೊಂಡು, ಆ ಜನ ಅಷ್ಟೂ ನೀರನ್ನು ಒಂದು ಹನಿ ಕುಡಿಯದೆ ಊರಿಗೆ ತಿರುಗಿ ಹೊತ್ತರು. ಕೂಗಾಳು ನಡುವೆ ಎಲ್ಲೋ ನಡೆಯುತ್ತಿದ್ದ.